ಹಂಪಿಯಲ್ಲಿ ಸ್ವಯಂಸೇವೆ: ಕರಣೆಗಿಂತ ಮೊದಲು ನೋಟ್‌ಬುಕ್

ಪ್ರಶ್ನೆ: ನಾನು ಹೊಸಪೇಟೆಯವಳು. ಈಗ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. ತಿಂಗಳಿಗೊಮ್ಮೆ ಊರಿಗೆ ಹೋಗುತ್ತೇನೆ. ಹಂಪಿಗಾಗಿ ಏನಾದರೂ ಮಾಡಬೇಕು ಅನ್ನೋ ಆಸೆ ಚಿಕ್ಕಂದಿನಿಂದ ಇದೆ. ಓದಿದ್ದು ಬಿ.ಕಾಂ., ಪುರಾತತ್ವ ಗೊತ್ತಿಲ್ಲ. ಉತ್ಖನನ ನಡೆಯುವಾಗ ನಮ್ಮಂಥವರನ್ನು ಸೇರಿಸಿಕೊಳ್ಳುತ್ತಾರಾ? ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು, 67 ವರ್ಷ, ಅವರಿಗೂ ಉತ್ಸಾಹ ಇದೆ. ಏಳೆಂಟು ಗೆಳೆಯರು ಸೇರಿ ಒಂದು ಹಾಳು ಗುಡಿಯನ್ನು ಭಾನುವಾರ ಕ್ಲೀನ್ ಮಾಡೋಣ ಅಂತಲೂ ಅಂದುಕೊಂಡಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಅದು ಬರುವ ಭಾನುವಾರವೇ ನಡೆದುಬಿಡಬಹುದು. ದಯವಿಟ್ಟು ಆ ಗುಡಿಯನ್ನು ನೀವಾಗಿಯೇ ಕ್ಲೀನ್ ಮಾಡಲು ಹೋಗಬೇಡಿ.

ನಿಮ್ಮ ಮನಸ್ಸು ಒಳ್ಳೆಯದು ಅಂತ ಗೊತ್ತು. ಆದರೆ ಹಳೆಯ ಗುಡಿಯಲ್ಲಿ ಕಸ ಯಾವುದು, ಕಸ ಅಲ್ಲದ್ದು ಯಾವುದು ಅಂತ ಮೊದಲ ನೋಟಕ್ಕೆ ತಿಳಿಯುವುದಿಲ್ಲ. ಗೋಡೆಗೆ ಅಂಟಿಕೊಂಡ ಬಿಳಿ ಹೆಕ್ಕಳಿಕೆ ಐನೂರು ವರ್ಷದ ಗಾರೆ ಇರಬಹುದು. ಅದರ ಮೇಲೆ ಉಗುರಿನಷ್ಟು ಕೆಂಪು ಬಣ್ಣ ಉಳಿದಿರಬಹುದು. ತಂತಿ ಬ್ರಷ್ ಎರಡು ಸಲ ಉಜ್ಜಿದರೆ ಅಷ್ಟೂ ಹೋಯಿತು. ಅಂಗಳದಲ್ಲಿ ಬಿದ್ದ ಕಲ್ಲುಗಳನ್ನು ಒಂದು ಮೂಲೆಗೆ ಚೆಂದವಾಗಿ ಜೋಡಿಸಿಟ್ಟರೆ, ಯಾವ ಕಲ್ಲು ಎಲ್ಲಿಂದ ಬಿತ್ತು ಅನ್ನೋ ಸುಳಿವು ಅಳಿಸಿಹೋಗುತ್ತದೆ. ಮುಂದೆ ಯಾರಾದರೂ ಆ ಗೋಡೆಯನ್ನು ಮತ್ತೆ ನಿಲ್ಲಿಸಬೇಕು ಅಂದಾಗ ಅವರಿಗೆ ದಾರಿ ತೋರಿಸುವುದು ಅದೊಂದೇ.

ಇನ್ನು ಗೋಪುರದ ಸಂದಿಯಲ್ಲಿ ಹುಟ್ಟಿದ ಅರಳಿ ಸಸಿ. ಎಲ್ಲರಿಗೂ ಅದನ್ನು ಕಿತ್ತೆಸೆಯಬೇಕು ಅನ್ನಿಸುತ್ತದೆ. ಬೇರು ಒಳಗೆ ಎಷ್ಟು ದೂರ ಹೋಗಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಜೋರಾಗಿ ಎಳೆದರೆ ಬೇರಿನ ಜೊತೆ ಇಟ್ಟಿಗೆಯೂ ಗಾರೆಯೂ ಬರುತ್ತವೆ. ಬರೀ ಮೇಲಿನಿಂದ ಕತ್ತರಿಸಿದರೆ ಅದು ಇನ್ನೂ ದಪ್ಪವಾಗಿ ಚಿಗುರುತ್ತದೆ. ಬೇರನ್ನು ಒಳಗೇ ಸಾಯಿಸಿ, ಆಮೇಲೆ ಸಂದಿಗೆ ಸುಣ್ಣದ ಗಾರೆ ತುಂಬಬೇಕು. ಅದು ತರಬೇತಿ ಇರುವವರ ಕೆಲಸ. ನೀವು ಮಾಡಬಹುದಾದದ್ದು ಬೇರೆ ಇದೆ, ಮತ್ತು ಅದು ಸಣ್ಣದಲ್ಲ. ಆ ಸಸಿ ಗೇಣುದ್ದ ಇರುವಾಗಲೇ ನೋಡಿ, ಫೋಟೊ ತೆಗೆದು, ಸಂಬಂಧಪಟ್ಟವರಿಗೆ ತಿಳಿಸುವುದು. ಆಳೆತ್ತರ ಆದ ಮೇಲೆ ಯಾರಿಗೂ ಸುಲಭವಲ್ಲ.

ಒಂದು ಹಳ್ಳಿಯಲ್ಲಿ ಹುಡುಗರು ಊರ ಮುಂದಿನ ವೀರಗಲ್ಲಿಗೆ ಪ್ರೀತಿಯಿಂದ ಎಣ್ಣೆ ಬಣ್ಣ ಬಳಿದಿದ್ದನ್ನು ನಾನು ನೋಡಿದ್ದೇನೆ. ವೀರನ ಕುದುರೆಗೆ ಬಿಳಿ, ಕತ್ತಿಗೆ ಬೆಳ್ಳಿ ಬಣ್ಣ. ಪಟ್ಟಿಯ ಮೇಲಿದ್ದ ಎರಡು ಸಾಲಿನ ಬರಹದಲ್ಲಿ ಬಣ್ಣ ತುಂಬಿಕೊಂಡು ಒಂದಕ್ಷರವೂ ಓದಲು ಆಗುತ್ತಿರಲಿಲ್ಲ. ಆ ಹುಡುಗರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಊರಿನಲ್ಲಿ ಆ ಕಲ್ಲನ್ನು ತಿರುಗಿ ನೋಡಿದವರು ಅವರು ಮಾತ್ರ. ಅವರಿಗೆ ಮುಂಚೆಯೇ ಯಾರಾದರೂ ಒಂದು ಮಾತು ಹೇಳಬೇಕಿತ್ತು, ಹೇಳಿರಲಿಲ್ಲ. ನಿಮ್ಮ ಪತ್ರ ಓದಿದ ಕೂಡಲೇ ಉತ್ತರ ಬರೆಯಲು ಕೂತಿದ್ದು ಅದಕ್ಕೇ.

ಕಾನೂನಿನ ಮಾತೂ ಇದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ನಂತರ ಅಂಥ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ರಾಜ್ಯದ ರಕ್ಷಣೆಯಲ್ಲಿರುವವಕ್ಕೆ 1961ರ ರಾಜ್ಯ ಕಾಯ್ದೆ ಇದೆ. "ಒಳ್ಳೆಯದಕ್ಕೇ ಮಾಡಿದ್ವಿ" ಅನ್ನುವುದು ಕಲ್ಲಿಗೆ ಗೊತ್ತಾಗುವುದಿಲ್ಲ. ಒಂದು ವೇಳೆ ಇಲಾಖೆಯೇ ಶ್ರಮದಾನಕ್ಕೆ ಕರೆದರೆ ಖಂಡಿತ ಹೋಗಿ. ಆಗ ಜೊತೆಗೆ ತಿಳಿದವರು ಇರುತ್ತಾರೆ. ಪುಷ್ಕರಣಿಯ ಹೂಳು ತೆಗೆಯುವ ಕೆಲಸವಾದರೂ ಹಾಗೆಯೇ. ಆ ಹೂಳಿನಲ್ಲಿ ನಾಣ್ಯ, ಮಣಿ, ಮುರಿದ ಮೂರ್ತಿ ಏನು ಬೇಕಾದರೂ ಇರಬಹುದು. ಪುರಾತತ್ವದವರು ಸ್ಥಳದಲ್ಲಿ ಇಲ್ಲ ಅಂದರೆ ಪುಟ್ಟಿ ಎತ್ತಬೇಡಿ.

ಈಗ ಉತ್ಖನನದ ಪ್ರಶ್ನೆ. ಪರವಾನಗಿ ಇಲ್ಲದೆ ಯಾರೂ ಅಗೆಯುವ ಹಾಗಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣ, ಅಂದರೆ ಎಎಸ್ಐ, ರಾಜ್ಯದ ಪುರಾತತ್ವ ಇಲಾಖೆ, ವಿಶ್ವವಿದ್ಯಾಲಯಗಳು, ಇಂಥವರು ಅಗೆಯುತ್ತಾರೆ. ಅಲ್ಲಿ ಮೊದಲ ಅವಕಾಶ ಪುರಾತತ್ವ ಓದುವ ವಿದ್ಯಾರ್ಥಿಗಳಿಗೆ. ಅದು ಸರಿ ಕೂಡ, ಅವರು ಕಲಿಯುವುದೇ ಅಲ್ಲಿ. ಇನ್ನು ಮಣ್ಣು ಅಗೆದು ಹೊರುವ ಕೆಲಸ ಸ್ಥಳೀಯ ಕೂಲಿಕಾರರದ್ದು. ಹಂಪಿಯಲ್ಲಿ 1976ರಿಂದ ದೊಡ್ಡ ಪ್ರಮಾಣದಲ್ಲಿ ಉತ್ಖನನ ನಡೆದಿದೆ. ಸುತ್ತಲ ಊರುಗಳಲ್ಲಿ ಈ ಕೆಲಸ ಮಾಡಿ ಕೈ ಪಳಗಿದವರು ಇದ್ದಾರೆ. ಮಣ್ಣಿನ ಬಣ್ಣ ಚೂರು ಬದಲಾದರೂ ಅವರ ಸನಿಕೆ ನಿಲ್ಲುತ್ತದೆ. ಅವರ ಕೂಲಿಯ ಜಾಗದಲ್ಲಿ ಪುಕ್ಕಟೆ ಕೆಲಸಕ್ಕೆ ನಾವು ಹೋಗಿ ನಿಲ್ಲುವುದು ನ್ಯಾಯವಲ್ಲ. ಈ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ.

ಹಾಗಾದರೆ ಹೊರಗಿನವರಿಗೆ ಏನೂ ಇಲ್ಲವಾ? ಇದೆ. ಅಗೆತದ ಗುಂಡಿಗಿಂತ ಅದರ ಪಕ್ಕದ ಚಪ್ಪರದ ಕೆಳಗೆ ಜಾಸ್ತಿ ಕೆಲಸ ಇರುತ್ತದೆ. ಒಂದು ಟ್ರೆಂಚ್‌ನಿಂದ, ಅಂದರೆ ಅಗೆತದ ಗುಂಡಿಯಿಂದ, ದಿನಕ್ಕೆ ಬುಟ್ಟಿಗಟ್ಟಲೆ ಮಡಕೆ ಚೂರು ಬರುತ್ತದೆ. ಒಂದೊಂದನ್ನೂ ಮೆತ್ತನೆಯ ಬ್ರಷ್‌ನಿಂದ ತೊಳೆಯಬೇಕು, ನೆರಳಲ್ಲಿ ಒಣಗಿಸಬೇಕು. ತೊಳೆಯಬಾರದ್ದೂ ಇರುತ್ತದೆ. ಇದ್ದಿಲು, ಕಬ್ಬಿಣ, ಒಳಗೆ ಏನೋ ಕರಕಲು ಅಂಟಿರುವ ಚೂರು, ಇವನ್ನು ನೀರಿಗೆ ಹಾಕಬಾರದು. ಆಮೇಲೆ ಪ್ರತಿ ಚೂರಿನ ಮೇಲೆ ಸಣ್ಣ ಅಕ್ಷರದಲ್ಲಿ ಇಂಕಿನಿಂದ ಬರೆಯಬೇಕು: ಸ್ಥಳ, ವರ್ಷ, ಟ್ರೆಂಚ್, ಮಣ್ಣಿನ ಪದರ. ಎರಡನೇ ಪದರದ ಚೂರು ನಾಲ್ಕನೇ ಪದರದ ಬುಟ್ಟಿಗೆ ಬಿದ್ದರೆ ಆ ಚೂರು ಸುಳ್ಳು ಹೇಳಲು ಶುರು ಮಾಡುತ್ತದೆ. ಚೂರಿನ ಬೆಲೆ ಚೂರಿನಲ್ಲಿಲ್ಲ, ಅದು ಸಿಕ್ಕ ಜಾಗದಲ್ಲಿದೆ. ನೀವು ಬ್ಯಾಂಕಿನವರು, ಒಂದು ಎಂಟ್ರಿ ತಪ್ಪು ಖಾತೆಗೆ ಹೋದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಈ ಕೆಲಸಕ್ಕೆ ಬಿ.ಕಾಂ. ಸಾಕು, ತಾಳ್ಮೆ ಬೇಕು. ವಿಶ್ವವಿದ್ಯಾಲಯದ ತಂಡಗಳು ಕೆಲವೊಮ್ಮೆ ಇದಕ್ಕೆ ಹೊರಗಿನವರ ಸಹಾಯ ತೆಗೆದುಕೊಳ್ಳುತ್ತವೆ. ಮೊದಲೇ ಪತ್ರ ಬರೆದು ಕೇಳಬೇಕು.

ಮಹಾನವಮಿ ದಿಬ್ಬದ ಹತ್ತಿರ ಕರಿಕಲ್ಲಿನ ಮೆಟ್ಟಿಲು ಪುಷ್ಕರಣಿ ಇದೆಯಲ್ಲ, ಅದು ಉತ್ಖನನದಲ್ಲಿ ಬೆಳಕಿಗೆ ಬಂದದ್ದು. ಮುಂದಿನ ಸಲ ಹೋದಾಗ ಅದರ ಕಲ್ಲುಗಳನ್ನು ಗಮನವಿಟ್ಟು ನೋಡಿ. ಯಾವ ಕಲ್ಲು ಯಾವ ದಿಕ್ಕಿಗೆ, ಎಷ್ಟನೇ ಸಾಲಿಗೆ ಅಂತ ಕಲ್ಲುಕುಟಿಗರು ಕೆತ್ತಿದ ಗುರುತುಗಳಿವೆ. ಅವರೂ ಗುರುತು ಹಾಕದೆ ಕೆಲಸ ಮಾಡಿರಲಿಲ್ಲ. ಇವತ್ತು ಚಪ್ಪರದ ಕೆಳಗೆ ಕೂತು ಚೂರಿನ ಮೇಲೆ ಅಂಕಿ ಬರೆಯುವವರನ್ನು ನೋಡಿದಾಗ ನನಗೆ ಆ ಕಲ್ಲುಗಳು ನೆನಪಾಗುತ್ತವೆ.

ಆದರೆ ನಿಮಗೆ ನಿಜವಾಗಿ ಹೊಂದುವ ಕೆಲಸ ಇದಲ್ಲ ಅಂತ ನನಗನ್ನಿಸುತ್ತದೆ. ಉತ್ಖನನ ಯಾವಾಗಲೋ ನಡೆಯುತ್ತದೆ, ಕೆಲವು ವಾರ ಇರುತ್ತದೆ. ನೀವು ತಿಂಗಳಿಗೊಮ್ಮೆ ಬರುತ್ತೀರಿ, ಅಪ್ಪ ಅಲ್ಲೇ ಇದ್ದಾರೆ. ವರ್ಷಗಟ್ಟಲೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬಲ್ಲವರು ಅಂದರೆ ನೀವು. ಹಂಪಿಗೆ ಬೇಕಾಗಿರುವುದು ಅದು. ಯುನೆಸ್ಕೊ ಲೆಕ್ಕದಲ್ಲಿ ಅಲ್ಲಿ 1600ಕ್ಕೂ ಜಾಸ್ತಿ ಅವಶೇಷಗಳಿವೆ, 41 ಚದರ ಕಿಲೋಮೀಟರಿಗೂ ಮಿಕ್ಕಿದ ಜಾಗದಲ್ಲಿ. ಇವುಗಳಲ್ಲಿ ಕಾವಲುಗಾರ ಇರುವವು ಎಷ್ಟು, ಟಿಕೆಟ್ ಇರುವವು ಎಷ್ಟು ಅಂತ ನೀವೇ ನೋಡಿದ್ದೀರಿ. ಬಾಳೆ ತೋಟದ ನಡುವಿನ ಮಂಟಪ, ಬಂಡೆಯ ಸಂದಿನ ಪುಟ್ಟ ಗುಡಿ, ಹಳೇ ರಸ್ತೆಯ ಪಕ್ಕದ ಬಾವಿ, ಇವುಗಳನ್ನು ದಿನಾ ನೋಡುವವರು ದನ ಕಾಯುವವರು ಮತ್ತು ತೋಟದವರು ಮಾತ್ರ.

ನೋಡಿ ಬರೆದಿಡುವ ಕೆಲಸಕ್ಕೆ ಎಂಥ ಬೆಲೆ ಇದೆ ಅನ್ನುವುದಕ್ಕೆ ಎರಡು ಉದಾಹರಣೆ ಹಂಪಿಯಲ್ಲೇ ಇವೆ.

1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನುವ ಕಂಪನಿ ಸರ್ಕಾರದ ಸೇನಾಧಿಕಾರಿ ಹಂಪಿಯ ಫೋಟೊಗಳನ್ನು ತೆಗೆದರು. ಮೇಣ ಸವರಿದ ದೊಡ್ಡ ಕಾಗದದ ನೆಗೆಟಿವ್‌ಗಳು. ಅದರಲ್ಲಿ ವಿಜಯ ವಿಠ್ಠಲ ಗುಡಿಯ ಕಲ್ಲಿನ ರಥ ಇದೆ. ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇದೆ! ಈಗ ಅದು ಇಲ್ಲ. ನಿಮ್ಮ ಕೌಂಟರಿನಲ್ಲಿ ದಿನಾ ಎಣಿಸುವ 50 ರೂಪಾಯಿ ನೋಟಿನ ಹಿಂಭಾಗ ನೋಡಿ, ಅಲ್ಲಿನ ರಥಕ್ಕೂ ಶಿಖರ ಇಲ್ಲ. ಆ ಒಂದು ಫೋಟೊ ಇಲ್ಲದಿದ್ದರೆ ರಥ ಹುಟ್ಟಿದ್ದೇ ಹೀಗೆ ಅಂತ ನಾವೆಲ್ಲ ನಂಬಿರುತ್ತಿದ್ದೆವು. 1983ರಲ್ಲಿ ಜಾನ್ ಗಾಲಿಂಗ್ಸ್ ಅನ್ನುವ ಆಸ್ಟ್ರೇಲಿಯಾದ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷ ಏನು ತಂದಿತು, ಏನು ಕೊಂಡೊಯ್ಯಿತು ಅಂತ ಕಣ್ಣಿಗೆ ಕಾಣುತ್ತದೆ.

ಇನ್ನೊಂದು, 1980ರ ಹೊತ್ತಿಗೆ ಶುರುವಾದ ಕೆಲಸ. ಪುರಾತತ್ವಜ್ಞ ಜಾನ್ ಫ್ರಿಟ್ಜ್ ಮತ್ತು ವಾಸ್ತುಶಿಲ್ಪದ ಇತಿಹಾಸಕಾರ ಜಾರ್ಜ್ ಮಿಷೆಲ್ ಸುಮಾರು ಎರಡು ದಶಕ ಚಳಿಗಾಲದಲ್ಲಿ ಹಂಪಿಯಲ್ಲಿ ಬಿಡಾರ ಹೂಡಿದರು. ನಗರವನ್ನೆಲ್ಲ ಚೌಕ ಚೌಕವಾಗಿ ವಿಂಗಡಿಸಿ, ಒಂದೊಂದು ಕಟ್ಟಡಕ್ಕೂ ಅಕ್ಷರ, ಅಂಕಿಯ ಗುರುತು ಕೊಟ್ಟರು. ಟೇಪು ಹಿಡಿದು ಅಳೆದು ನಕ್ಷೆ ಬರೆದವರಲ್ಲಿ ನಮ್ಮ ದೇಶದ, ಹೊರದೇಶದ ವಾಸ್ತುಶಿಲ್ಪದ ವಿದ್ಯಾರ್ಥಿಗಳು ತುಂಬಾ ಜನ ಇದ್ದರು. ಅವರು ಒಂದು ಹಿಡಿ ಮಣ್ಣನ್ನೂ ಅಗೆಯಲಿಲ್ಲ. ನೆಲದ ಮೇಲೆ ಕಾಣುವುದನ್ನಷ್ಟೇ ದಾಖಲಿಸಿದರು. ರಾಜರ ಬಡಾವಣೆಯಲ್ಲಿ ಯಾವ ದಾರಿ ಎಲ್ಲಿಗೆ ಹೋಗುತ್ತಿತ್ತು, ಯಾವ ಗೋಡೆ ಯಾವ ಅಂಗಳವನ್ನು ಬೇರೆ ಮಾಡುತ್ತಿತ್ತು ಅನ್ನೋದೆಲ್ಲ ಇವತ್ತು ನಮಗೆ ಇಷ್ಟು ಸ್ಪಷ್ಟವಾಗಿ ಗೊತ್ತಿರುವುದರಲ್ಲಿ ಆ ಟೇಪುಗಳ ಪಾಲು ದೊಡ್ಡದು.

ನೀವು ಇದನ್ನು ಒಂದೇ ಮಂಟಪದ ಮಟ್ಟಿಗೆ ಮಾಡಿ. ಹೆಸರಾಂತ ಜಾಗ ಬೇಡ. ಮನೆಯಿಂದ ಹೋಗಿಬರಲು ಸುಲಭವಾದ, ಯಾರೂ ತಲೆ ಕೆಡಿಸಿಕೊಳ್ಳದ ಒಂದು ಕಟ್ಟಡ ಆರಿಸಿ. ನಾಲ್ಕು ಕಡೆಯಿಂದ ನಾಲ್ಕು ಫೋಟೊ. ಎಲ್ಲಿ ನಿಂತಿದ್ದೀರಿ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ: "ಮುರಿದ ದೀಪದ ಕಂಬದ ಬುಡದಿಂದ, ಪೂರ್ವಕ್ಕೆ ಮುಖ" ಅನ್ನುವಷ್ಟು ಖಚಿತವಾಗಿ. ಬಿರುಕು, ಓರೆಯಾದ ಕಂಬ, ಸೋರಿದ ಕಲೆ ಇದ್ದರೆ ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಹತ್ತಿರದ ಫೋಟೊ ತೆಗೆಯಿರಿ. ಶಾಲೆಯ ಸ್ಕೇಲ್ ಸಾಕು. ಕಲ್ಲಿಗೆ ಏನನ್ನೂ ಅಂಟಿಸಬೇಡಿ, ಪೆನ್ಸಿಲ್ ಗುರುತೂ ಬೇಡ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ನಿಂತ ಮೇಲೆ ಒಂದು ಸಲ ಅಂತೂ ತಪ್ಪಿಸಬೇಡಿ. ಹಾನಿ ಆಗುವುದು ಹೆಚ್ಚಾಗಿ ಆ ನಡುವೆ. ಮೊಬೈಲ್ ಕ್ಯಾಮೆರಾ ಧಾರಾಳವಾಯಿತು. ಟ್ರೈಪಾಡ್ ಅಥವಾ ಡ್ರೋನ್ ತರುವುದಾದರೆ ಮೊದಲು ಅನುಮತಿ ಬೇಕು.

ಅಪ್ಪನವರ ವಿಷಯಕ್ಕೆ ಬರುತ್ತೇನೆ. ಕನ್ನಡ ಮೇಷ್ಟ್ರು ಅಂದಿರಿ, ನನಗೆ ತುಂಬಾ ಖುಷಿಯಾಯಿತು. ಹಂಪಿಯ ಬಂಡೆಗಳ ಮೇಲೆ, ಕಂಬಗಳ ಮೇಲೆ ಕನ್ನಡ, ಸಂಸ್ಕೃತ, ತೆಲುಗು, ತಮಿಳು ಶಾಸನಗಳಿವೆ. ವಿಜಯನಗರ ಕಾಲದ ಕನ್ನಡ ಲಿಪಿ ನಮ್ಮ ಇವತ್ತಿನ ಲಿಪಿಗೆ ಸಾಕಷ್ಟು ಹತ್ತಿರ. ಕೆಲವು ತಿಂಗಳು ಅಭ್ಯಾಸ ಮಾಡಿದರೆ ಅವರಿಗೆ ಅಕ್ಷರಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ವಿರೂಪಾಕ್ಷ ಗುಡಿಯಲ್ಲಿ ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿನ ಶಾಸನದ ಕಲ್ಲು ನಿಂತಿದೆ, ಅಲ್ಲಿಂದಲೇ ಶುರು ಮಾಡಬಹುದು. ಕನ್ನಡ ವಿಶ್ವವಿದ್ಯಾಲಯ ಹಂಪಿಯ ಶಾಸನಗಳ ಸಂಪುಟವನ್ನೇ ಹೊರತಂದಿದೆ. ಅಚ್ಚಾದ ಪಾಠ ಕೈಯಲ್ಲಿ ಹಿಡಿದು ಕಲ್ಲಿನ ಮುಂದೆ ಕೂತರೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕ್ರಮವಾಗಿ ಕಲಿಯಬೇಕು ಅನ್ನಿಸಿದರೆ ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಇದೆ.

ಒಂದು ಎಚ್ಚರ. ಅಕ್ಷರ ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಬಳಿಯಬಾರದು. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಹೋಗಬೇಕು. ಕತ್ತಲೆ ಇದ್ದರೆ ಒಬ್ಬರು ಕಲ್ಲಿನ ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಟಾರ್ಚ್ ಬಿಟ್ಟರೆ ಸವೆದ ಅಕ್ಷರವೂ ನೆರಳಿನಿಂದ ಎದ್ದು ಕಾಣುತ್ತದೆ. ಒದ್ದೆ ಕಾಗದ ಹಾಕಿ ಬ್ರಷ್‌ನಿಂದ ತಟ್ಟಿ ಮಸಿ ಪಡಿಯಚ್ಚು ತೆಗೆಯುವುದನ್ನು ಮಾತ್ರ ಕಲಿತವರಿಗೆ ಬಿಡಿ. ಅದಕ್ಕೆ ಅನುಮತಿಯೂ ಬೇಕು.

ಶಾಸನಗಳ ವಿಷಯದಲ್ಲಿ ಹವ್ಯಾಸಿಗಳು ನಮ್ಮ ನಾಡಿನಲ್ಲಿ ಮಾಡಿರುವ ಕೆಲಸ ಸಣ್ಣದಲ್ಲ. 1915ರಲ್ಲಿ ಮಸ್ಕಿಯ ಅಶೋಕನ ಶಾಸನ ಕಂಡದ್ದು ಸಿ. ಬೀಡನ್ ಅನ್ನುವ ಗಣಿ ಎಂಜಿನಿಯರ್‌ಗೆ, ಚಿನ್ನ ಹುಡುಕುತ್ತಾ ಓಡಾಡುವಾಗ. ಬೇರೆ ಶಾಸನಗಳಲ್ಲಿ ಬರುವ "ದೇವಾನಾಂಪಿಯ" ಅನ್ನುವ ಬಿರುದಿನ ರಾಜ ಅಶೋಕನೇ ಅಂತ ಖಚಿತವಾದದ್ದು ಆ ಬಂಡೆಯ ಮೇಲಿನ ಹೆಸರಿನಿಂದ. ನೀವು ಈಗ ಇರುವ ಬೆಂಗಳೂರಿನಲ್ಲೇ 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಕಿತ್ತಯ್ಯ ಅನ್ನುವವನು ಹೋರಾಡಿ ಸತ್ತ ನೆನಪಿಗೆ ನಿಲ್ಲಿಸಿದ್ದು. ಕಲ್ಲು ಮತ್ತೆ ಮಣ್ಣುಪಾಲಾಗದೆ ಉಳಿದದ್ದು ಆಸಕ್ತ ನಾಗರಿಕರು ಅದರ ಹಿಂದೆ ಬಿದ್ದಿದ್ದರಿಂದ. ಬೆಂಗಳೂರಿನ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಸ್ಥೆ ನಗರದ ಸುತ್ತಲಿನ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಮಾಡುತ್ತಿದೆ. ವಾರದ ದಿನಗಳಲ್ಲಿ ಹಂಪಿಗೆ ಹೋಗಲಾಗದ ನಿಮಗೆ ಅಲ್ಲಿ ಕಲಿಯಲು ತುಂಬಾ ಇದೆ.

ನಿಮ್ಮ ಗೆಳೆಯರ ಗುಂಪಿಗೆ ನಾನು ಹೇಳುವ ಕೆಲಸ ಜನರ ಜೊತೆಗಿನದು. 2019ರ ಫೆಬ್ರುವರಿಯಲ್ಲಿ ಹಂಪಿಯಲ್ಲಿ ಕೆಲವು ಯುವಕರು ಕಲ್ಲಿನ ಕಂಬ ತಳ್ಳಿ ಬೀಳಿಸುವ ವಿಡಿಯೊ ನೀವೂ ನೋಡಿರುತ್ತೀರಿ. ಕೋರ್ಟು ನಾಲ್ವರಿಗೂ ತಲಾ 70,000 ರೂಪಾಯಿ ದಂಡ ಹಾಕಿ, ಕಂಬವನ್ನು ಮತ್ತೆ ನಿಲ್ಲಿಸುವಂತೆ ಮಾಡಿತು. ಆ ಹೊತ್ತಿಗೆ ಅಲ್ಲಿ ಒಬ್ಬರು ನಿಂತು "ಏನಪ್ಪಾ ಮಾಡ್ತಿದ್ದೀರಾ" ಅಂತ ಕೇಳಿದ್ದರೆ ಸಾಕಿತ್ತು ಅಲ್ವಾ? ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಆಗ ಶಾಲೆ ಮಕ್ಕಳು ಗುಂಪು ಗುಂಪಾಗಿ ಬರುತ್ತಾರೆ. ಹಂಪಿ ಉತ್ಸವಕ್ಕೂ ಜನಸಾಗರ. ಅಂಥ ದಿನಗಳಲ್ಲಿ ಸ್ವಯಂಸೇವಕರಾಗಿ ನಿಲ್ಲುತ್ತೇವೆ ಅಂತ ಮುಂಚಿತವಾಗಿ ಕೇಳಿ. ಸಂಗೀತದ ಕಂಬಗಳನ್ನು ಯಾಕೆ ತಟ್ಟಬಾರದು ಅಂತ ಒಂದು ಮಗುವಿಗೆ ನಿಧಾನವಾಗಿ ಹೇಳಿದರೆ, ಆ ಮಗು ತನ್ನ ಮನೆಯ ಐದು ಜನಕ್ಕೆ ಹೇಳುತ್ತದೆ. ಆದರೆ ಗೈಡ್‌ಗಳ ಕೆಲಸಕ್ಕೆ ಕೈ ಹಾಕಬೇಡಿ. ಅವರು ಪರವಾನಗಿ ಪಡೆದವರು, ಅದು ಅವರ ಅನ್ನ. ಪ್ರವಾಸಿಗರನ್ನು ಪುಕ್ಕಟೆಯಾಗಿ ಸುತ್ತಾಡಿಸಿ ಅವರ ಹೊಟ್ಟೆ ಮೇಲೆ ಹೊಡೆದರೆ ಹಂಪಿಗೆ ಯಾವ ಲಾಭವೂ ಇಲ್ಲ.

ಇನ್ನೊಂದು ಕೆಲಸ ಇದೆ, ಅದನ್ನು ಹೊರಗಿನ ತಜ್ಞರು ಎಷ್ಟೇ ಓದಿದ್ದರೂ ನಿಮ್ಮಷ್ಟು ಚೆನ್ನಾಗಿ ಮಾಡಲಾರರು. ಹಂಪಿ ಬರೀ ಕಲ್ಲಲ್ಲ, ಜನ ಬದುಕುವ ಜಾಗ. ತುರ್ತು ಕಾಲುವೆಯಲ್ಲಿ ವಿಜಯನಗರದ ಕಾಲದಿಂದ ಇವತ್ತಿನವರೆಗೂ ನೀರು ಹರಿಯುತ್ತಿದೆ. ಆ ನೀರು ಬಿಡುವ ತೂಬಿಗೆ, ಹೊಲಕ್ಕೆ, ದಿಬ್ಬಕ್ಕೆ, ಬಂಡೆಗೆ ಊರಿನವರ ಬಾಯಲ್ಲಿ ಒಂದೊಂದು ಹೆಸರಿದೆ, ಹಿಂದೊಂದು ಕಥೆ ಇದೆ. ಕಮಲಾಪುರ, ಆನೆಗುಂದಿ, ಕಡ್ಡಿರಾಂಪುರದ ಅಜ್ಜ ಅಜ್ಜಿಯರ ಜೊತೆ ನಿಮ್ಮ ಅಪ್ಪ ಜಗುಲಿ ಮೇಲೆ ಕೂತರೆ ಅವರೇ ಹೇಳುತ್ತಾರೆ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ, ಹೆಸರನ್ನು ಅವರು ಉಚ್ಚರಿಸಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಒಂದು ಹೊಲದ ಹೆಸರಿನಲ್ಲಿ ಹಳೆಯ ಪೇಟೆಯೊಂದರ ಸುಳಿವು ಇರಬಹುದು.

ಯಾರನ್ನು ಕೇಳಬೇಕು? ಮೊದಲು ನಿಮ್ಮ ಕಟ್ಟಡ ಯಾರದ್ದು ಅಂತ ತಿಳಿಯಿರಿ. ಎಎಸ್ಐನ ನೀಲಿ ಫಲಕ ಇದ್ದರೆ ಕೇಂದ್ರದ್ದು. 2020ರಿಂದ ಹಂಪಿಗೇ ಪ್ರತ್ಯೇಕ ಎಎಸ್ಐ ವೃತ್ತ, ಅಂದರೆ ಪ್ರಾದೇಶಿಕ ಕಚೇರಿ, ಇದೆ. ಉಳಿದವುಗಳಿಗೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಇಡೀ ಪ್ರದೇಶದ ಯೋಜನೆ ನೋಡಿಕೊಳ್ಳುವುದು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ. ಸುಮ್ನೆ "ಏನಾದರೂ ಸೇವೆ ಕೊಡಿ" ಅಂತ ಹೋದರೆ ಅವರಿಗೂ ಏನು ಹೇಳಬೇಕು ಅಂತ ತೋಚುವುದಿಲ್ಲ. ಆರು ತಿಂಗಳ ಫೋಟೊ, ಟಿಪ್ಪಣಿ ಕೈಯಲ್ಲಿ ಹಿಡಿದು "ಈ ಮಂಟಪದ ಈಶಾನ್ಯದ ಕಂಬ ಓರೆಯಾಗುತ್ತಿದೆ, ನೋಡಿ" ಅಂತ ಹೋಗಿ. ಮಾತುಕತೆಯೇ ಬೇರೆ ಆಗುತ್ತದೆ. ಹಣ ಕಟ್ಟಿಸಿಕೊಂಡು "ಉತ್ಖನನದ ಅನುಭವ" ಕೊಡಿಸುತ್ತೇವೆ ಅನ್ನುವವರು ಸಿಕ್ಕರೆ, ಪರವಾನಗಿ ಯಾರ ಹೆಸರಲ್ಲಿದೆ ಅಂತ ಮೊದಲು ಕೇಳಿ.

ನೆಲದಲ್ಲಿ ನಾಣ್ಯವೋ ಮೂರ್ತಿಯ ತುಂಡೋ ಕಂಡರೆ ಎತ್ತಿಕೊಳ್ಳಬೇಡಿ. ಇದ್ದಲ್ಲೇ ಫೋಟೊ ತೆಗೆದು, ಜಾಗ ಗುರುತಿಸಿ, ಇಲಾಖೆಗೆ ತಿಳಿಸಿ. ನಿಖರವಾದ ಜಾಗವನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಿಧಿಗಳ್ಳರೂ ಓದುತ್ತಾರೆ.

ಬಿಸಿಲಿನ ಬಗ್ಗೆ ಹೊಸಪೇಟೆಯವರಿಗೆ ನಾನೇನು ಹೇಳಲಿ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಅಪ್ಪನವರನ್ನು ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಯ ಮೇಲೆ ಬಂಡೆಗಳ ಮೇಲೆ ನಿಲ್ಲಿಸಬೇಡಿ. ಆ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಕತ್ತಲಾಗುವ ಮುಂಚೆ ಇಳಿದುಬಿಡಿ. ಕಲ್ಲಿನ ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ.

ಈ ತಿಂಗಳು ಊರಿಗೆ ಹೋದಾಗ ಒಂದು ಗೆರೆ ಹಾಕಿದ ನೋಟ್‌ಬುಕ್, ಶಾಲೆಯ ಸ್ಕೇಲ್, ನೀರಿನ ಬಾಟಲಿ ತೆಗೆದುಕೊಂಡು ಇಬ್ಬರೇ ಹೋಗಿ. ಗೆಳೆಯರು ಮುಂದಿನ ಸಲ ಬರಲಿ. ಮಂಟಪ ಆರಿಸಿದ ಮೇಲೆ ಅರ್ಧ ಗಂಟೆ ಕ್ಯಾಮೆರಾ ತೆಗೆಯದೆ ಸುಮ್ಮನೆ ಕೂತು ನೋಡಿ. ಆಮೇಲೆ ಮೊದಲ ಪುಟದಲ್ಲಿ ದಿನಾಂಕ, ಸಮಯ, ನಿಂತ ಜಾಗ ಬರೆಯಿರಿ. ಬರೆಯುವುದು ಅಪ್ಪನವರೇ ಆಗಲಿ, ಮೇಷ್ಟ್ರ ಅಕ್ಷರ ದುಂಡಗಿರುತ್ತದೆ.